ಅಂಚೆ ವಿಂಗಡಣೆಯ ಯಂತ್ರಗಳಲ್ಲಿ ಕಾಗದದ ನಿರ್ವಹಣೆ: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಅಂಚೆ ವ್ಯವಸ್ಥೆಯ ಯಾಂತ್ರೀಕರಣದ ಚರಿತ್ರೆಯನ್ನು ಸಾಮಾನ್ಯವಾಗಿ ಓದುವಿಕೆಯ ಚರಿತ್ರೆಯಾಗಿ ನಿರೂಪಿಸಲಾಗುತ್ತದೆ. ವಿಳಾಸಗಳಿಗೆ ಅಂಕಿಗಳ ಸಂಕೇತ ಬಂದುದು, ಆ ಅಂಕಿಗಳನ್ನು ಯಂತ್ರವು ಗುರುತಿಸತೊಡಗಿದುದು, ಕೊನೆಗೆ ಕೈಬರಹವೂ ಗಣಕಕ್ಕೆ ತಿಳಿಯುವಂತಾದುದು, ಈ ಮೂರು ಘಟ್ಟಗಳು ಅಂಥ ನಿರೂಪಣೆಯ ಮೈಲಿಗಲ್ಲುಗಳಾಗಿವೆ. ಆದರೆ ಯಂತ್ರವೊಂದು ವಿಳಾಸವನ್ನು ಓದಬೇಕಾದರೆ ಅದಕ್ಕೂ ಮೊದಲು ಒಂದು ಲಕೋಟೆ, ಒಂದೇ ಒಂದು ಲಕೋಟೆ, ಅದರ ಮುಂದೆ ಸರಿಯಾದ ಭಂಗಿಯಲ್ಲಿ ಬರಬೇಕು. ಓದಿಯಾದ ಮೇಲೆ ಅದು ಹರಿಯದೆ, ಮುದುಡದೆ ತನ್ನ ಗೂಡನ್ನು ಸೇರಬೇಕು. ಈ ಕಾರ್ಯಗಳು ಮೇಲ್ನೋಟಕ್ಕೆ ತೀರ ಸಾಧಾರಣವೆನಿಸುತ್ತವೆ. ವಸ್ತುತಃ ಎಂಜಿನಿಯರುಗಳನ್ನು ನೂರು ವರ್ಷಗಳಿಗೂ ಮಿಕ್ಕಿ ಕಾಡಿದ ಸಮಸ್ಯೆ ಇದೇ ಆಗಿದೆ.

ಕಾಗದದ ನಿರ್ವಹಣೆಯಲ್ಲಿ ನಾಲ್ಕು ಕ್ರಿಯೆಗಳು ಅಡಕವಾಗಿವೆ. ಕಟ್ಟಿನಿಂದ ಒಂದೊಂದೇ ಪತ್ರವನ್ನು ಬೇರ್ಪಡಿಸುವುದು ಮೊದಲನೆಯದು. ಬೇರ್ಪಟ್ಟ ಪತ್ರವನ್ನು ನಿಯತ ವೇಗದಲ್ಲಿ, ನಿಯತ ಅಂತರದಲ್ಲಿ ಸಾಗಿಸುವುದು ಎರಡನೆಯದು. ಗೊತ್ತಾದ ದಾರಿಗೆ ಅದನ್ನು ತಿರುಗಿಸುವುದು ಮೂರನೆಯದು. ಓಡುತ್ತಿರುವ ಪತ್ರವನ್ನು ನಿಲ್ಲಿಸಿ, ಹಿಂದಿನವುಗಳ ಬೆನ್ನಿಗೆ ನೆಟ್ಟಗೆ ಪೇರಿಸುವುದು ನಾಲ್ಕನೆಯದು. ಈ ನಾಲ್ಕರಲ್ಲಿ ಮೊದಲನೆಯದೇ ಕಠಿಣತಮವಾದುದು. ಎರಡು ಪತ್ರಗಳು ಅಂಟಿಕೊಂಡು ಒಟ್ಟಿಗೆ ಹೊರಟರೆ ಯಂತ್ರವು ಮುಂದಿನದರ ವಿಳಾಸವನ್ನು ಮಾತ್ರ ಓದುತ್ತದೆ. ಹಿಂದಿನದು ತನ್ನದಲ್ಲದ ಊರಿಗೆ ಮೌನವಾಗಿ ಹೊರಟುಹೋಗುತ್ತದೆ. ಓದುವ ಯಂತ್ರ ಎಷ್ಟೇ ಜಾಣತನದ್ದಾಗಿರಲಿ, ಈ ತಪ್ಪನ್ನು ಅದು ಸರಿಪಡಿಸಲಾರದು. ಅಂಚೆ ಯಂತ್ರಗಳ ಚರಿತ್ರೆಯನ್ನು ಈ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೈಕೆಲಸದ ಕಾಲ

1840ರಲ್ಲಿ ರೋಲೆಂಡ್ ಹಿಲ್‌ನ ಸುಧಾರಣೆಯ ಫಲವಾಗಿ ಬ್ರಿಟನ್ನಿನಲ್ಲಿ ದೂರವನ್ನು ಲೆಕ್ಕಿಸದ ಏಕರೂಪದ ಒಂದು ಪೆನ್ನಿ ದರವೂ ಅಂಟಿಸುವ ಅಂಚೆಚೀಟಿಯೂ ಜಾರಿಗೆ ಬಂದುವು. ಪತ್ರಗಳ ಸಂಖ್ಯೆ ತೀವ್ರಗತಿಯಲ್ಲಿ ಹೆಚ್ಚಿತು. ಅಂಚೆಚೀಟಿ ಬಂದುದರಿಂದ ಅದನ್ನು ಮತ್ತೆ ಬಳಸದಂತೆ ಠಸ್ಸೆಯೊತ್ತುವ ಹೊಸ ಕೆಲಸವೂ ಹುಟ್ಟಿಕೊಂಡಿತು. ಅಂಚೆ ಕಚೇರಿಯೊಳಗೆ ಯಂತ್ರವು ಮೊದಲು ಕಾಲಿಟ್ಟುದು ಈ ಠಸ್ಸೆಯ ಕೆಲಸಕ್ಕಾಗಿಯೇ. ರೋಲೆಂಡ್ ಹಿಲ್‌ನ ಮಗ ಪಿಯರ್‌ಸನ್ ಹಿಲ್ ರೂಪಿಸಿದ ಯಂತ್ರವನ್ನು 1857ರಲ್ಲಿ ಲಂಡನ್ನಿನಲ್ಲಿ ಪರೀಕ್ಷಿಸಲಾಯಿತು. ಅಮೆರಿಕದಲ್ಲಿ 1870ರ ದಶಕದಲ್ಲಿ ಥಾಮಸ್ ಲೀವಿಟ್‌ನ ಯಂತ್ರಗಳು ಬಾಸ್ಟನ್ನಿನಲ್ಲಿ ಕೆಲಸ ಮಾಡತೊಡಗಿದುವು. ಶತಮಾನದ ಕೊನೆಯ ವೇಳೆಗೆ ಇಂಥ ಯಂತ್ರಗಳು ದೊಡ್ಡ ನಗರಗಳ ಕಚೇರಿಗಳಲ್ಲಿ ಸಾಮಾನ್ಯವಾದುವು. ಆದರೆ ಈ ಎಲ್ಲ ಯಂತ್ರಗಳಿಗೂ ಪತ್ರಗಳನ್ನು ಒಂದೇ ಗಾತ್ರದವಾಗಿ ಆರಿಸಿ, ಅಂಚೆಚೀಟಿಗಳೆಲ್ಲ ಒಂದೇ ಮೂಲೆಗೆ ಬರುವಂತೆ ಜೋಡಿಸಿ ಕೊಡಬೇಕಾಗಿತ್ತು. ಆ ಜೋಡಣೆಯನ್ನು ಮಾಡುತ್ತಿದ್ದುದು ಮನುಷ್ಯರ ಕೈಗಳೇ.

ವಿಂಗಡಣೆಯಂತೂ ಸಂಪೂರ್ಣ ಕೈಕೆಲಸವಾಗಿಯೇ ಉಳಿಯಿತು. ವಿಂಗಡಣೆಯ ಗುಮಾಸ್ತ ಎಡಗೈಯಲ್ಲಿ ಪತ್ರಗಳ ಕಟ್ಟನ್ನು ಹಿಡಿದು, ಹೆಬ್ಬೆರಳಿನಿಂದ ಮೇಲಿನದನ್ನು ಜಾರಿಸಿ, ಬಲಗೈಯಿಂದ ಅದನ್ನು ಎದುರಿನ ಗೂಡಿಗೆ ಹಾಕುತ್ತಾನೆ. ಭಾರತದಲ್ಲಿ 1863ರಲ್ಲಿ ಅಲಹಾಬಾದ್ ಮತ್ತು ಕಾನ್ಪುರಗಳ ನಡುವಿನ ರೈಲಿನಲ್ಲಿ ಆರಂಭವಾದ ಚಲಿಸುವ ವಿಂಗಡಣೆಯೂ ಇದೇ ಬಗೆಯದು. ಈ ಚಲನೆಯಲ್ಲಿ ಬೆರಳು ಮಾಡುವ ಕೆಲಸವನ್ನು ವಿಶ್ಲೇಷಿಸಿದರೆ ಅದರ ಸೂಕ್ಷ್ಮತೆ ಅರಿವಾಗುತ್ತದೆ. ಬೆರಳು ಕಾಗದದ ದಪ್ಪವನ್ನು ಅಳೆಯುತ್ತದೆ; ಎರಡು ಅಂಟಿಕೊಂಡಿದ್ದರೆ ಕೂಡಲೇ ಅರಿತು ಉಜ್ಜಿ ಬಿಡಿಸುತ್ತದೆ; ಕಾಗದ ತೆಳುವಾಗಿದ್ದರೆ ಹಗುರವಾಗಿ, ಒರಟಾಗಿದ್ದರೆ ಬಿಗಿಯಾಗಿ ಒತ್ತುತ್ತದೆ. ಸ್ಪರ್ಶ, ತೀರ್ಮಾನ ಮತ್ತು ಚಲನೆ ಇಲ್ಲಿ ಏಕಕಾಲದಲ್ಲಿ ನಡೆಯುತ್ತವೆ.

ಅದೇ ಕಾಲದಲ್ಲಿ ಕಾಗದವನ್ನು ಯಂತ್ರಗಳಿಂದ ನಿರ್ವಹಿಸುವ ಕಲೆ ಬೇರೆ ಕ್ಷೇತ್ರಗಳಲ್ಲಿ ಬೆಳೆಯುತ್ತಿತ್ತು. ಮುದ್ರಣಯಂತ್ರಗಳಿಗೆ ಹಾಳೆಗಳನ್ನು ತಾವಾಗಿಯೇ ಉಣಿಸುವ ಸಾಧನಗಳು ಬಂದುವು. ಹರ್ಮನ್ ಹಾಲೆರಿತ್‌ನು 1890ರ ಅಮೆರಿಕದ ಜನಗಣತಿಗಾಗಿ ಬಳಕೆಗೆ ತಂದ ರಂಧ್ರಪತ್ರಗಳ ವಿಧಾನ ಮುಂದೆ ದೊಡ್ಡ ಉದ್ಯಮವಾಯಿತು. ಆ ಯಂತ್ರಗಳಲ್ಲಿ ಒಂದು ತೆಳುವಾದ ಉಕ್ಕಿನ ಅಲಗು ಕಟ್ಟಿನ ಕೆಳಗಿನ ಒಂದು ಪತ್ರವನ್ನು, ಒಂದೇ ಪತ್ರಕ್ಕೆ ಎಡೆಯಿರುವ ಸಂದಿಯ ಮೂಲಕ ತಳ್ಳುತ್ತಿತ್ತು. ಪ್ರತಿ ಪತ್ರದ ದಪ್ಪವೂ ಸುಮಾರು 0.18 ಮಿಲಿಮೀಟರಿಗೆ ನಿಗದಿಯಾಗಿದ್ದುದರಿಂದ ಈ ಉಪಾಯ ಸಾಧ್ಯವಾಯಿತು. ಅಂಚೆಯ ಪರಿಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಮುದ್ರಣಾಲಯ ತನ್ನ ಕಾಗದವನ್ನು ತಾನೇ ಆರಿಸಿಕೊಳ್ಳುತ್ತದೆ. ಅಂಚೆ ಇಲಾಖೆಗೆ ಆ ಸ್ವಾತಂತ್ರ್ಯವಿಲ್ಲ. ಪೆಟ್ಟಿಗೆಗೆ ಬಿದ್ದುದನ್ನೆಲ್ಲ ಅದು ಸ್ವೀಕರಿಸಬೇಕು.

ಟ್ರಾನ್ಸೋರ್ಮಾ: ಅರ್ಧ ಯಂತ್ರ, ಅರ್ಧ ಮನುಷ್ಯ

ವಿಂಗಡಣೆಗಾಗಿಯೇ ರೂಪುಗೊಂಡು ವ್ಯಾಪಕ ಪ್ರಸಿದ್ಧಿ ಪಡೆದ ಮೊದಲ ಯಂತ್ರ ನೆದರ್‌ಲೆಂಡ್ಸ್‌ನ ಟ್ರಾನ್ಸೋರ್ಮಾ. ಸಾಗಣೆ ಮತ್ತು ವಿಂಗಡಣೆಯನ್ನು ಸೂಚಿಸುವ ಪದಗಳ ತುಣುಕುಗಳಿಗೆ ಅದರ ನಿರ್ಮಾತೃಗಳಾದ ಮಾರ್ಶಾಂ ಮತ್ತು ಆಂಡ್ರೀಸೆನ್ ಅವರ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ಈ ಹೆಸರನ್ನು ಕಟ್ಟಲಾಗಿದೆ. ರಾಟರ್‌ಡ್ಯಾಮಿನಲ್ಲಿ ಬಳಕೆಗೆ ಬಂದ ಈ ಯಂತ್ರವನ್ನು 1935ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ಥಾಪಿಸಲಾಯಿತು. ಅಲ್ಲಿ ಅದು 1968ರವರೆಗೆ ದುಡಿಯಿತು. ಅಮೆರಿಕದಲ್ಲಿ ಇದು ಮೊದಲು ಬಂದುದು 1957ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ.

ಟ್ರಾನ್ಸೋರ್ಮಾದ ಮುಂದೆ ಐವರು ಕೆಲಸಗಾರರು ಸಾಲಾಗಿ ಕುಳಿತಿರುತ್ತಿದ್ದರು. ಪ್ರತಿಯೊಬ್ಬರೂ ಪತ್ರದ ವಿಳಾಸವನ್ನು ಓದಿ, ಕೀಲಿಮಣೆಯಲ್ಲಿ ಊರಿನ ಸಂಖ್ಯೆಯನ್ನು ಒತ್ತಿ, ಪತ್ರವನ್ನು ಯಂತ್ರದ ಬಾಯಿಗೆ ಹಾಕುತ್ತಿದ್ದರು. ಅನಂತರದ ಸಾಗಣೆಯನ್ನೂ ಗೊತ್ತಾದ ಗೂಡಿಗೆ ಬೀಳಿಸುವುದನ್ನೂ ಯಂತ್ರ ನೋಡಿಕೊಳ್ಳುತ್ತಿತ್ತು. ಯಾವ ಆಸನದಿಂದ ಪತ್ರ ಹೊರಟಿತೆಂಬುದನ್ನು ತಿಳಿಸುವ ಸಣ್ಣ ಗುರುತೊಂದು ಲಕೋಟೆಯ ಮೇಲೆ ಮುದ್ರಿತವಾಗುತ್ತಿತ್ತು. ಈ ಗುರುತುಗಳು ಇಂದು ಅಂಚೆ ಸಂಗ್ರಾಹಕರ ಆಸಕ್ತಿಯ ವಸ್ತುಗಳಾಗಿವೆ.

ನಾಲ್ಕು ಕ್ರಿಯೆಗಳಲ್ಲಿ ಸಾಗಣೆ, ತಿರುಗಿಸುವಿಕೆ ಮತ್ತು ಶೇಖರಣೆಗಳನ್ನು ಟ್ರಾನ್ಸೋರ್ಮಾ ತನ್ನದಾಗಿಸಿಕೊಂಡಿತು. ಬೇರ್ಪಡಿಸುವ ಕೆಲಸವನ್ನು ಮಾತ್ರ ಮನುಷ್ಯನ ಬೆರಳಿಗೇ ಬಿಟ್ಟಿತು. ಅದು ಮೂರು ದಶಕಗಳ ಕಾಲ ವಿಶ್ವಾಸಾರ್ಹವಾಗಿ ನಡೆದುದಕ್ಕೆ ಈ ಸಂಯಮವೂ ಒಂದು ಕಾರಣವೆಂದು ಭಾವಿಸಬಹುದು.

ಸೌತಾಂಪ್ಟನ್ನಿನ ಪ್ರಯೋಗ

ಎರಡನೆಯ ಮಹಾಯುದ್ಧದ ಅನಂತರ ಬ್ರಿಟನ್ನಿನ ಅಂಚೆ ಇಲಾಖೆ ಬೇರೊಂದು ದಾರಿ ಹಿಡಿಯಿತು. ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿದ್ದ ಅದರ ಸಂಶೋಧನ ಕೇಂದ್ರವು ಯುದ್ಧಕಾಲದಲ್ಲಿ ಟಾಮಿ ಫ್ಲವರ್ಸ್ ಅವರ ನೇತೃತ್ವದಲ್ಲಿ ಕೊಲಾಸಸ್ ಎಂಬ ವಿದ್ಯುನ್ಮಾನ ಗಣಕವನ್ನು ನಿರ್ಮಿಸಿದ ಸಂಸ್ಥೆ. ಇಲಾಖೆಯ ಎಂಜಿನಿಯರುಗಳು ಈಗ ವಿಂಗಡಣೆಗೆ ಮುಂಚಿನ ಹಂತಗಳತ್ತ ಗಮನ ಹರಿಸಿದರು. ಪೆಟ್ಟಿಗೆಯಿಂದ ಬಂದ ಚೀಲವನ್ನು ಸುರಿದಾಗ ದೊರೆಯುವ ರಾಶಿಯಲ್ಲಿ ಪತ್ರಗಳೂ ಪೊಟ್ಟಣಗಳೂ ಪತ್ರಿಕೆಗಳೂ ಬೆರೆತಿರುತ್ತವೆ. ಇವುಗಳನ್ನು ಬೇರ್ಪಡಿಸಲು ತಿರುಗುವ ದೊಡ್ಡ ಪೀಪಾಯಿಯೊಂದನ್ನು ರೂಪಿಸಲಾಯಿತು. ಪೀಪಾಯಿಯ ಗೋಡೆಯಲ್ಲಿ ಉದ್ದನೆಯ ಸಂದಿಗಳಿದ್ದುವು. ಅದು ತಿರುಗಿದಂತೆಲ್ಲ ಚಪ್ಪಟೆಯಾದ ಪತ್ರಗಳು ಸಂದಿಗಳ ಮೂಲಕ ಜಾರಿ ಹೊರಬೀಳುತ್ತಿದ್ದುವು. ದಪ್ಪನೆಯವು ಒಳಗೇ ಉಳಿದು ಇನ್ನೊಂದು ತುದಿಯನ್ನು ಸೇರುತ್ತಿದ್ದುವು. ಧಾನ್ಯವನ್ನು ಜರಡಿಯಾಡುವ ತತ್ತ್ವವೇ ಇಲ್ಲಿಯೂ ಇದೆ.

ಮುಂದಿನ ಹಂತ ಎಲ್ಲ ಪತ್ರಗಳ ಮುಖಗಳನ್ನು ಒಂದೇ ಕಡೆಗೆ ತಿರುಗಿಸುವುದು. ಇದಕ್ಕಾಗಿ ನಿರ್ಮಿಸಿದ ಯಂತ್ರವು 1957ರ ಡಿಸೆಂಬರಿನಲ್ಲಿ ಸೌತಾಂಪ್ಟನ್ನಿನಲ್ಲಿ ಕಾರ್ಯಾರಂಭ ಮಾಡಿತು. ಅಂಚೆಚೀಟಿ ಎಲ್ಲಿದೆಯೆಂಬುದನ್ನು ಯಂತ್ರಕ್ಕೆ ತಿಳಿಸಲು ಅದೇ ವರ್ಷದ ನವೆಂಬರಿನಲ್ಲಿ ಚೀಟಿಗಳ ಹಿಂಬದಿಯಲ್ಲಿ, ಗೋಂದಿನ ಅಡಿಯಲ್ಲಿ, ವಿದ್ಯುತ್ತನ್ನು ಹರಿಯಗೊಡುವ ಗ್ರಾಫೈಟಿನ ಕಪ್ಪು ಗೆರೆಗಳನ್ನು ಮುದ್ರಿಸಲಾಯಿತು. 2 ಪೆನ್ಸ್ ಚೀಟಿಗೆ ಒಂದು ಗೆರೆ, ಉಳಿದವಕ್ಕೆ ಎರಡು. ಹೀಗೆ ಮುದ್ರಿತ ವಸ್ತುಗಳ ಕಡಿಮೆ ದರದ ಅಂಚೆಯನ್ನು ಯಂತ್ರವೇ ಪ್ರತ್ಯೇಕಿಸಬಲ್ಲದಾಯಿತು. 1959ರಿಂದ ಬೆಳಕಿಗೆ ಸ್ಪಂದಿಸುವ ರಂಜಕದ ಪಟ್ಟಿಗಳು ಬಂದು, ಕ್ರಮೇಣ ಗ್ರಾಫೈಟ್ ಗೆರೆಗಳ ಸ್ಥಾನವನ್ನು ಪಡೆದುವು. ಅದೇ ವರ್ಷ ನಾರ್ವಿಚ್ ನಗರದಲ್ಲಿ ಅಂಚೆ ಸಂಕೇತಗಳ ಪ್ರಯೋಗವೂ ಮೊದಲಾಯಿತು.

ಈ ಪ್ರಯೋಗದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಯಂತ್ರವು ಕಾಗದವನ್ನು ಅರಿಯಲಾರದೆ ಹೋದಾಗ ಕಾಗದವನ್ನೇ ಯಂತ್ರಕ್ಕೆ ಒಗ್ಗುವಂತೆ ಬದಲಿಸಲಾಯಿತು. ಮುಂದಿನ ಅರ್ಧ ಶತಮಾನದ ಬೆಳವಣಿಗೆಗೆ ಇದು ಮುನ್ಸೂಚನೆಯಾಗಿತ್ತು.

ಬೇರ್ಪಡಿಸುವ ಎರಡು ವಿಧಾನಗಳು

ಪತ್ರಗಳನ್ನು ಕಟ್ಟಿನಿಂದ ಬಿಡಿಸುವುದಕ್ಕೆ ಮುಖ್ಯವಾಗಿ ಎರಡು ವಿಧಾನಗಳು ನೆಲೆಗೊಂಡುವು. ಎರಡರಲ್ಲಿಯೂ ಪತ್ರಗಳನ್ನು ಉದ್ದನೆಯ ಅಂಚಿನ ಮೇಲೆ ಸಾಲಾಗಿ ನಿಲ್ಲಿಸಿ, ಹಿಂದಿನಿಂದ ಹಲಗೆಯೊಂದರ ಮೂಲಕ ಮೆಲ್ಲನೆ ಮುಂದಕ್ಕೆ ಒತ್ತಲಾಗುತ್ತದೆ.

ಮೊದಲನೆಯದು ಘರ್ಷಣೆಯ ವಿಧಾನ. ಸಾಲಿನ ಮುಂಭಾಗದಲ್ಲಿ ಚಲಿಸುವ ರಬ್ಬರಿನ ಪಟ್ಟಿ ಮೊದಲ ಪತ್ರವನ್ನು ಪಕ್ಕಕ್ಕೆ ಎಳೆಯುತ್ತದೆ. ಅದರ ಎದುರಿಗೆ ಅಲುಗಾಡದ ಒಂದು ತಡೆಮೆತ್ತೆ ಅಥವಾ ಹಿಮ್ಮುಖವಾಗಿ ಸುತ್ತುವ ರೋಲರು ಇರುತ್ತದೆ. ಪಟ್ಟಿ ಮತ್ತು ಕಾಗದದ ನಡುವಣ ಘರ್ಷಣೆ ಎಲ್ಲಕ್ಕಿಂತ ಹೆಚ್ಚಾಗಿರಬೇಕು; ತಡೆಮೆತ್ತೆ ಮತ್ತು ಕಾಗದದ ನಡುವಣದು ಅದಕ್ಕಿಂತ ಕಡಿಮೆಯಿರಬೇಕು; ಕಾಗದ ಕಾಗದಗಳ ನಡುವಣದು ಎಲ್ಲಕ್ಕಿಂತ ಕಡಿಮೆಯಿರಬೇಕು. ಈ ಕ್ರಮ ತಪ್ಪದಿದ್ದರೆ, ಒಂದೇ ಪತ್ರ ಬಂದಾಗ ಪಟ್ಟಿ ಅದನ್ನು ಎಳೆದೊಯ್ಯುತ್ತದೆ. ಎರಡು ಬಂದಾಗ ಮುಂದಿನದು ಹೋಗಿ ಹಿಂದಿನದು ತಡೆಯಲ್ಲಿ ನಿಲ್ಲುತ್ತದೆ. ನೆರಳಚ್ಚು ಯಂತ್ರಗಳಲ್ಲಿ ಹಾಳೆಗಳನ್ನು ಬಿಡಿಸುವುದರ ಹಿಂದೆಯೂ ಈ ತತ್ತ್ವವಿದೆ. ಅಂಚೆಯಲ್ಲಾದರೋ ಈ ಕ್ರಮ ಪದೇ ಪದೇ ತಪ್ಪುತ್ತದೆ. ಒಂದು ಲಕೋಟೆ ನುಣುಪಾಗಿದ್ದರೆ ಮತ್ತೊಂದು ಒರಟಾಗಿರುತ್ತದೆ, ಮೂರನೆಯದಕ್ಕೆ ಪಾರದರ್ಶಕ ಹಾಳೆಯ ಕಿಂಡಿಯಿರುತ್ತದೆ. ಹವೆಯ ತೇವವನ್ನು ಹೀರಿದ ಕಾಗದದ ಗುಣ ಬೇರೆಯಾಗುತ್ತದೆ. ಒಣಹವೆಯಲ್ಲಿ ಸ್ಥಿರ ವಿದ್ಯುತ್ತು ಕಾಗದಗಳನ್ನು ಅಂಟಿಸುತ್ತದೆ. ಕಾಗದದ ಧೂಳು ಕೂತಂತೆಲ್ಲ ರಬ್ಬರು ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ.

ಎರಡನೆಯದು ಹೀರುವಿಕೆಯ ವಿಧಾನ. ರಂಧ್ರಗಳುಳ್ಳ ಪಟ್ಟಿಯ ಹಿಂದೆ ಗಾಳಿಯ ಒತ್ತಡವನ್ನು ತಗ್ಗಿಸಿದರೆ ಮುಂದಿನ ಪತ್ರ ಪಟ್ಟಿಗೆ ಅಂಟಿಕೊಂಡು ಅದರೊಂದಿಗೆ ಸಾಗುತ್ತದೆ. ಕಾಗದದ ಮೇಲ್ಮೈ ನುಣುಪೋ ಒರಟೋ ಎಂಬುದು ಇಲ್ಲಿ ಅಷ್ಟು ಮುಖ್ಯವಾಗದು. ಆದರೆ ಕಾಗದ ಸಚ್ಛಿದ್ರವಾದ ವಸ್ತು. ಲಕೋಟೆ ತೆಳುವಾಗಿದ್ದರೆ ಸೆಳೆತ ಅದನ್ನು ದಾಟಿ ಹಿಂದಿನ ಪತ್ರವನ್ನೂ ಹಿಡಿಯುತ್ತದೆ. ಆದಕಾರಣ ಅನೇಕ ಯಂತ್ರಗಳಲ್ಲಿ ಎರಡು ವಿಧಾನಗಳನ್ನೂ ಕೂಡಿಸಿ ಬಳಸಲಾಯಿತು. ಜೋಡಿಯಾಗಿ ಬಂದ ಪತ್ರಗಳನ್ನು ಕಂಡುಹಿಡಿಯಲು ದಪ್ಪವನ್ನೂ ಉದ್ದವನ್ನೂ ಅಳೆಯುವ ಸಾಧನಗಳನ್ನು ಅಳವಡಿಸಲಾಯಿತು. ಸಮಾನ ಅಳತೆಯ ಎರಡು ಲಕೋಟೆಗಳು ಅಂಚಿಗೆ ಅಂಚು ಕೂಡಿ ಬಂದರೆ ಅವನ್ನು ಗುರುತಿಸುವುದು ಬಲು ಕಷ್ಟ. ಒಂದೇ ಸಂಸ್ಥೆ ಸಾವಿರಗಟ್ಟಲೆ ಕಳಿಸುವ ಬಿಲ್ಲುಗಳಲ್ಲಿ ಇಂಥ ಸಂಭವ ಹೆಚ್ಚು.

ವೇಗ ಹೆಚ್ಚಿದಂತೆ ಉಳಿದ ಮೂರು ಕ್ರಿಯೆಗಳೂ ಕಠಿಣವಾಗುತ್ತವೆ. ಗಂಟೆಗೆ 36,000 ಪತ್ರಗಳೆಂದರೆ ಸೆಕೆಂಡಿಗೆ 10. ಪತ್ರದ ಉದ್ದ 24 ಸೆಂಟಿಮೀಟರು, ಎರಡು ಪತ್ರಗಳ ನಡುವಣ ಅಂತರ 12 ಸೆಂಟಿಮೀಟರು ಎಂದಿಟ್ಟುಕೊಂಡರೆ ಪಟ್ಟಿ ಸೆಕೆಂಡಿಗೆ 3.6 ಮೀಟರಿನಂತೆ ಓಡಬೇಕಾಗುತ್ತದೆ. ದಾರಿಯನ್ನು ತಿರುಗಿಸುವ ಬಾಗಿಲು ಆ 12 ಸೆಂಟಿಮೀಟರಿನ ಬಿಡುವಿನಲ್ಲಿ, ಎಂದರೆ ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ, ತೆರೆದು ಸ್ಥಿರವಾಗಬೇಕು. ಎದುರುಬದುರಾದ ಎರಡು ಪಟ್ಟಿಗಳ ನಡುವೆ ಅಮುಕಿಕೊಂಡು ಸಾಗುವ ಪತ್ರ ತಿರುವುಗಳಲ್ಲಿ ಬಾಗಬೇಕು. ಒಳಗೆ ಪೆನ್ನೋ ಬೀಗದ ಕೈಯೋ ಇದ್ದರೆ ಅದು ಲಕೋಟೆಯನ್ನು ಸೀಳಿ ಹೊರಬರುತ್ತದೆ. ಕೊನೆಗೆ ಗೂಡಿನ ಬಾಯಲ್ಲಿ ಕೆಲವೇ ಸೆಂಟಿಮೀಟರುಗಳಷ್ಟು ದೂರದಲ್ಲಿ ಅದು ನಿಲ್ಲಬೇಕು. ಒಂದು ಪತ್ರ ಸಿಕ್ಕಿಕೊಂಡರೆ ಯಂತ್ರ ನಿಲ್ಲುವಷ್ಟರಲ್ಲಿ ಹಿಂದಿನಿಂದ ಬಂದ ಹಲವು ಪತ್ರಗಳು ಅದರ ಮೇಲೆ ಬಿದ್ದು ಮುದುಡಿಹೋಗುತ್ತವೆ.

ಅಮೆರಿಕ: ಸೆಕೆಂಡಿಗೊಂದು ಪತ್ರ

ಅತಿ ಹೆಚ್ಚಿನ ಪ್ರಮಾಣದ ಅಂಚೆಯನ್ನು ನಿರ್ವಹಿಸುತ್ತಿದ್ದ ಅಮೆರಿಕದಲ್ಲಿ ಯಾಂತ್ರೀಕರಣದ ಒತ್ತಡ ತೀವ್ರವಾಗಿತ್ತು. 1960ರ ಅಕ್ಟೋಬರಿನಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿ ಸಂಪೂರ್ಣ ಯಾಂತ್ರೀಕೃತವೆಂಬ ಹೆಗ್ಗಳಿಕೆಯೊಂದಿಗೆ ಅಂಚೆ ಕಚೇರಿಯೊಂದು ತೆರೆಯಿತು. ಪ್ರಾಯೋಗಿಕವಾದ ಈ ಕಚೇರಿ ಆರಂಭದಿಂದಲೇ ತೊಡಕುಗಳನ್ನು ಎದುರಿಸಿತು. 1963ರ ಜುಲೈ 1ರಂದು ಐದು ಅಂಕಿಗಳ ಜಿಪ್ ಸಂಕೇತ ಜಾರಿಗೆ ಬಂದಿತು. 1965ರಲ್ಲಿ ಡೆಟ್ರಾಯಿಟ್‌ನಲ್ಲಿ ಸ್ಥಾಪಿತವಾದ ಅಕ್ಷರ ಓದುವ ಯಂತ್ರವು ಬೆರಳಚ್ಚಿನ ವಿಳಾಸದ ಕೊನೆಯ ಸಾಲನ್ನು ಓದಿ ಪತ್ರಗಳನ್ನು 277 ಗೂಡುಗಳಿಗೆ ವಿಂಗಡಿಸಿತು. ಅಂಚೆಯ ವಿಂಗಡಣೆಗೂ ಓದುವ ಯಂತ್ರಗಳಿಗೂ ಮಹತ್ತ್ವದ ಕಾಣಿಕೆಯಿತ್ತ ಜೇಕಬ್ ರಾಬಿನೋವ್ ಅವರ ಹೆಸರನ್ನು ಈ ಸಂದರ್ಭದಲ್ಲಿ ಸ್ಮರಿಸಬೇಕು.

ಆದರೂ ಹೆಚ್ಚಿನ ಕೆಲಸ ನಡೆದುದು ಹನ್ನೆರಡು ಆಸನಗಳ ವಿಂಗಡಣಾ ಯಂತ್ರಗಳಲ್ಲಿ. ಇವು ಟ್ರಾನ್ಸೋರ್ಮಾದ ಕ್ರಮವನ್ನು ತಿರುಗುಮುರುಗು ಮಾಡಿದುವು. ಯಂತ್ರದ ತೋಳೊಂದು ಕಟ್ಟಿನಿಂದ ಪತ್ರವನ್ನು ಎತ್ತಿ ಕೆಲಸಗಾರರ ಕಣ್ಣೆದುರಿಗೆ ತಂದು ನಿಲ್ಲಿಸುತ್ತಿತ್ತು. ನಿಮಿಷಕ್ಕೆ 60ರಂತೆ, ಎಂದರೆ ಸೆಕೆಂಡಿಗೊಂದರಂತೆ, ಪತ್ರಗಳು ಬರುತ್ತಿದ್ದುವು. ಅಷ್ಟರಲ್ಲಿ ವಿಳಾಸವನ್ನು ಓದಿ ಕೀಲಿ ಒತ್ತಬೇಕು. ಬೆರಳಿನ ಕೆಲಸ ಯಂತ್ರದ ಪಾಲಾದುದರಿಂದ ಕೆಲಸದ ವೇಗವನ್ನು ನಿರ್ಧರಿಸುವ ಅಧಿಕಾರವೂ ಯಂತ್ರಕ್ಕೆ ಹೋಯಿತು. ಗೂಡಿನ ಮುಂದೆ ನಿಂತ ಗುಮಾಸ್ತ ಅಸ್ಪಷ್ಟ ಬರಹದ ಮುಂದೆ ಕ್ಷಣಕಾಲ ತಡೆಯಬಹುದಾಗಿತ್ತು. ಈ ಆಸನದಲ್ಲಿ ಆ ಅವಕಾಶವಿರಲಿಲ್ಲ. ಯಾಂತ್ರೀಕರಣವು ಶ್ರಮವನ್ನು ತಗ್ಗಿಸಿತೆಂಬ ಸಾಮಾನ್ಯ ಹೇಳಿಕೆಯನ್ನು ಈ ಹಿನ್ನೆಲೆಯಲ್ಲಿ ಎಚ್ಚರಿಕೆಯಿಂದ ಪರಿಗಣಿಸಬೇಕಾಗುತ್ತದೆ.

1966ರ ಅಕ್ಟೋಬರಿನಲ್ಲಿ ಷಿಕಾಗೊದ ಬೃಹತ್ ಅಂಚೆ ಕಚೇರಿಯಲ್ಲಿ 1 ಕೋಟಿಗೂ ಹೆಚ್ಚು ಟಪಾಲುಗಳು ರಾಶಿ ಬಿದ್ದು ವ್ಯವಹಾರವೇ ಸ್ತಬ್ಧವಾಯಿತು. ಇಲಾಖೆಯ ಆಮೂಲಾಗ್ರ ಪುನರ್ರಚನೆಯ ಚರ್ಚೆಗೆ ಈ ಘಟನೆ ಪ್ರಚೋದಕವಾಯಿತು. ಅದರ ಫಲವಾಗಿ 1970ರಲ್ಲಿ ಶಾಸನವಾಗಿ, 1971ರಲ್ಲಿ ಅಂಚೆ ಇಲಾಖೆಯು ಸ್ವಾಯತ್ತ ಸಂಸ್ಥೆಯಾಗಿ ಮಾರ್ಪಟ್ಟಿತು.

ಪತ್ರದ ಮೇಲೆ ಯಂತ್ರದ ಶಾಸನ

ಯಂತ್ರಗಳು ಹರಡಿದಂತೆ ಪತ್ರದ ಆಕಾರದ ಮೇಲೆ ನಿಬಂಧನೆಗಳು ಬಂದುವು. ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ಪ್ರಮಾಣಿತ ಲಕೋಟೆ 90ಕ್ಕೆ 140 ಮಿಲಿಮೀಟರಿಗಿಂತ ಚಿಕ್ಕದಾಗಿರಬಾರದು, 120ಕ್ಕೆ 235 ಮಿಲಿಮೀಟರಿಗಿಂತ ದೊಡ್ಡದಾಗಿರಬಾರದು, 5 ಮಿಲಿಮೀಟರಿಗಿಂತ ದಪ್ಪವಾಗಿರಬಾರದು. ಅದರ ಉದ್ದವು ಅಗಲದ ಸುಮಾರು 1.4 ಪಟ್ಟಾದರೂ ಇರಬೇಕು. ಕೊನೆಯ ನಿಬಂಧನೆಯ ಕಾರಣ ಯಾಂತ್ರಿಕವಾದುದು. ಉದ್ದನೆಯ ಅಂಚಿನ ಮೇಲೆ ನಿಂತ ಪತ್ರ ಸ್ಥಿರವಾಗಿರುತ್ತದೆ. ಚೌಕಾಕಾರದ್ದು ಸಾಗುವಾಗ ಮಗುಚಿಕೊಳ್ಳುತ್ತದೆ. ಅದರಲ್ಲಿ ಉದ್ದನೆಯ ಅಂಚು ಯಾವುದೆಂದು ತಿಳಿಯುವ ಉಪಾಯವೂ ಯಂತ್ರಕ್ಕಿಲ್ಲ. ಅಮೆರಿಕದಲ್ಲಿ ಚೌಕ ಲಕೋಟೆಯ ಮದುವೆಯ ಆಮಂತ್ರಣಕ್ಕೆ ಹೆಚ್ಚುವರಿ ಶುಲ್ಕ ತೆರಬೇಕಾಗಿ ಬಂದುದರ ಹಿನ್ನೆಲೆ ಇದು. ಜಪಾನಿನಲ್ಲಿ 1968ರ ಜುಲೈನಲ್ಲಿ ಅಂಚೆ ಸಂಕೇತ ಜಾರಿಗೆ ಬಂದಾಗ, ಅಂಕಿಗಳನ್ನು ಬರೆಯಲೆಂದು ಲಕೋಟೆಗಳ ಮೇಲೆ ಕೆಂಪು ಚೌಕಗಳನ್ನು ಮುದ್ರಿಸುವ ಪದ್ಧತಿ ರೂಢಿಯಾಯಿತು. ಕೈಬರಹದ ಅಂಕಿಗಳನ್ನು ಯಂತ್ರದಿಂದ ಓದಿಸುವುದರಲ್ಲಿ ಜಪಾನು ಮುಂಚೂಣಿಯಲ್ಲಿ ನಿಂತುದಕ್ಕೆ ಬರೆಯುವವರ ಈ ಶಿಸ್ತೂ ಸಹಾಯಕವಾಯಿತು.

ಕೈಬರಹದ ವಿಳಾಸ ಮತ್ತು ಬೆಂಗಳೂರಿನ ವಿದ್ವಾಂಸ

ಇಡೀ ವಿಳಾಸವೇ ಕೈಬರಹದಲ್ಲಿದ್ದಾಗ ಅದನ್ನು ಓದಿಸುವ ಸಮಸ್ಯೆಗೆ ಉತ್ತರ ಹುಡುಕಿದವರಲ್ಲಿ ಅಗ್ರಗಣ್ಯರು ಸರಗೂರು ಶ್ರೀಹರಿ (1949-2022). ಬೆಂಗಳೂರಿನಲ್ಲಿ ಶಿಕ್ಷಣ ಪಡೆದು, ಭಾರತೀಯ ವಿಜ್ಞಾನ ಮಂದಿರದಿಂದ 1970ರಲ್ಲಿ ಎಂಜಿನಿಯರಿಂಗ್ ಪದವೀಧರರಾದ ಅವರು ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್ ಗಳಿಸಿ, ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. ಅಲ್ಲಿ ಅವರು ಅಮೆರಿಕದ ಅಂಚೆ ಸಂಸ್ಥೆಯ ನೆರವಿನಿಂದ ಕಟ್ಟಿದ ಸಂಶೋಧನ ಕೇಂದ್ರವು ರೂಪಿಸಿದ ಕ್ರಮವಿಧಿಗಳು 1990ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ಬಂದುವು. ಬಿಡಿ ಅಕ್ಷರಗಳನ್ನು ಗುರುತಿಸುವುದರ ಜೊತೆಗೆ, ಸಂಕೇತದ ಅಂಕಿಗಳನ್ನೂ ಬೀದಿಯ ಹೆಸರನ್ನೂ ಒಂದಕ್ಕೊಂದು ತಾಳೆ ನೋಡಿ ವಿಳಾಸವನ್ನು ನಿಶ್ಚಯಿಸುವುದು ಈ ವಿಧಾನದ ವೈಶಿಷ್ಟ್ಯ.

ಇಲ್ಲಿಯೂ ಕಾಗದದ ನಿರ್ವಹಣೆಯ ಪ್ರಶ್ನೆಯೊಂದು ಎದುರಾಯಿತು. ಪತ್ರ ಕಣ್ಣಿನ ಮುಂದೆ ಹಾದುಹೋಗುವುದಕ್ಕೆ ಸೆಕೆಂಡಿನ ಅತ್ಯಲ್ಪ ಭಾಗ ಸಾಕು. ಕೈಬರಹವನ್ನು ಅರ್ಥೈಸುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಪಟ್ಟಿಯನ್ನು ನಿಲ್ಲಿಸುವಂತಿಲ್ಲ. ಆದುದರಿಂದ ಲಕೋಟೆಯ ಬೆನ್ನಿನ ಮೇಲೆ ಗುರುತಿನ ಗೆರೆಗಳನ್ನು ಮುದ್ರಿಸಿ ಪತ್ರವನ್ನು ಪಕ್ಕಕ್ಕಿರಿಸಿ, ಅದರ ಚಿತ್ರವನ್ನು ಮಾತ್ರ ಗಣಕಕ್ಕೆ ಕಳಿಸಲಾಯಿತು. ಗಣಕಕ್ಕೆ ತಿಳಿಯದ ಚಿತ್ರಗಳನ್ನು ದೂರದ ಕೇಂದ್ರಗಳಲ್ಲಿ ಕುಳಿತ ಮನುಷ್ಯರು ಓದುತ್ತಿದ್ದರು. ಉತ್ತರ ಬಂದ ಮೇಲೆ ಪತ್ರವನ್ನು ಮತ್ತೊಮ್ಮೆ ಯಂತ್ರಕ್ಕೆ ಉಣಿಸಿ ವಿಳಾಸದ ಗೆರೆಸಂಕೇತವನ್ನು ಮುದ್ರಿಸಲಾಗುತ್ತಿತ್ತು. ಓದುವಿಕೆ ಕಾಗದದಿಂದ ಬಿಡುಗಡೆ ಪಡೆಯಿತಾದರೂ, ಅದೇ ಪತ್ರ ಯಂತ್ರದ ಬೆರಳಿಗೆ ಹಲವು ಬಾರಿ ಸಿಕ್ಕಬೇಕಾಯಿತು.

2001ರ ದುರಂತ

ಕಾಗದವೆಂದರೆ ಕೇವಲ ವಿಳಾಸವನ್ನು ಹೊತ್ತ ಮೇಲ್ಮೈ ಎಂಬ ಭಾವನೆಗೆ 2001ರ ಶರತ್ಕಾಲದಲ್ಲಿ ಘೋರವಾದ ಪೆಟ್ಟು ಬಿದ್ದಿತು. ಆಂಥ್ರಾಕ್ಸ್ ರೋಗಾಣುಗಳ ಪುಡಿಯನ್ನು ತುಂಬಿದ ಪತ್ರಗಳನ್ನು ಅಮೆರಿಕದ ಸುದ್ದಿಮಾಧ್ಯಮಗಳಿಗೂ ಇಬ್ಬರು ಸೆನೆಟರುಗಳಿಗೂ ಅಂಚೆಯ ಮೂಲಕ ಕಳಿಸಲಾಗಿತ್ತು. ಈ ಕೃತ್ಯದಿಂದ 5 ಮಂದಿ ಮೃತಪಟ್ಟರು, 17 ಮಂದಿ ಅಸ್ವಸ್ಥರಾದರು. ಲಕೋಟೆಗಳು ಮುಚ್ಚಿರುವುದರಿಂದ ಅಂಚೆ ನೌಕರರಿಗೆ ಹೆಚ್ಚಿನ ಅಪಾಯವಿಲ್ಲವೆಂದು ಆರಂಭದಲ್ಲಿ ಭಾವಿಸಲಾಗಿತ್ತು. ಆದರೆ ವಾಷಿಂಗ್ಟನ್ನಿನ ಬ್ರೆಂಟ್‌ವುಡ್ ವಿಂಗಡಣಾ ಕೇಂದ್ರದ ಇಬ್ಬರು ನೌಕರರು ಅಕ್ಟೋಬರಿನಲ್ಲಿ ತೀರಿಕೊಂಡರು. ಅವರು ಆ ಪತ್ರಗಳನ್ನು ತೆರೆದಿರಲಿಲ್ಲ. ವಿಂಗಡಣಾ ಯಂತ್ರದ ಪಟ್ಟಿಗಳೂ ರೋಲರುಗಳೂ ಲಕೋಟೆಯನ್ನು ಅಮುಕಿದಾಗ ಒಳಗಿನ ಸೂಕ್ಷ್ಮ ಪುಡಿ ಗಾಳಿಯೊಂದಿಗೆ ಕಾಗದದ ರಂಧ್ರಗಳಿಂದ ಹೊರಚಿಮ್ಮಿತ್ತು. ಯಂತ್ರದಲ್ಲಿ ಕೂರುವ ಕಾಗದದ ಧೂಳನ್ನು ಒತ್ತಡದ ಗಾಳಿಯಿಂದ ಊದಿ ತೆಗೆಯುವ ರೂಢಿ ಅಪಾಯವನ್ನು ಮತ್ತಷ್ಟು ಹೆಚ್ಚಿಸುವಂಥದಾಗಿತ್ತು.

ಸೆನೆಟರ್ ಲೇಹಿ ಅವರಿಗೆ ಬರೆದ ಪತ್ರದ ಕಥೆಯೂ ಬೋಧಪ್ರದವಾಗಿದೆ. ಅದರ ಸಂಕೇತವಾದ 20510ನ್ನು 20520 ಎಂದು ತಪ್ಪಾಗಿ ಓದಿದುದರಿಂದ ಅದು ವಿದೇಶಾಂಗ ಇಲಾಖೆಯ ಟಪಾಲು ವಿಭಾಗದತ್ತ ಹೋಗಿ, ಅಲ್ಲಿನ ಕೆಲಸಗಾರರೊಬ್ಬರು ರೋಗಪೀಡಿತರಾದರು. ಓದುವಿಕೆಯ ತಪ್ಪು ಪತ್ರವನ್ನು ಬೇರೆ ಕಡೆಗೆ ಒಯ್ದಿತು. ಕಾಗದದ ಮೇಲಿನ ಒತ್ತಡ ಅದನ್ನು ದಾರಿಯುದ್ದಕ್ಕೂ ವಿಷವಾಗಿಸಿತು. ಅನಂತರ ಊದುವ ಪದ್ಧತಿಯನ್ನು ಕೈಬಿಟ್ಟು ಸೂಕ್ಷ್ಮ ಶೋಧಕಗಳುಳ್ಳ ಹೀರುಯಂತ್ರಗಳನ್ನು ಬಳಸಲಾಯಿತು. ರೋಗಾಣುಗಳನ್ನು ಪತ್ತೆಹಚ್ಚುವ ಸಾಧನಗಳನ್ನೂ ಅಳವಡಿಸಲಾಯಿತು. ಬ್ರೆಂಟ್‌ವುಡ್ ಕೇಂದ್ರ 2003ರ ಡಿಸೆಂಬರಿನಲ್ಲಿ ಮತ್ತೆ ತೆರೆದಾಗ ಅದು ಮೃತ ನೌಕರರಾದ ಕರ್ಸೀನ್ ಮತ್ತು ಮಾರಿಸ್ ಅವರ ಹೆಸರನ್ನು ಧರಿಸಿತು.

ಭಾರತದ ಸಂದರ್ಭ

ಭಾರತದಲ್ಲಿ ಅಂಚೆಯ ಪರಂಪರೆ ದೀರ್ಘವಾದುದು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 1672ರಲ್ಲಿ ಚಿಕ್ಕದೇವರಾಜ ಒಡೆಯರು ಸ್ಥಾಪಿಸಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು. 1972ರ ಆಗಸ್ಟ್ 15ರಂದು ಶ್ರೀರಾಮ ಭಿಕಾಜಿ ವೇಲಣಕರ್ ಅವರು ರೂಪಿಸಿದ ಆರು ಅಂಕಿಗಳ ಪಿನ್ ಸಂಕೇತ ಜಾರಿಗೆ ಬಂದಿತು. ಒಂದೇ ಹೆಸರಿನ ಹಲವು ಊರುಗಳು, ಹಲವು ಭಾಷೆ ಮತ್ತು ಲಿಪಿಗಳಲ್ಲಿ ಬರೆದ ವಿಳಾಸಗಳು ಒಡ್ಡಿದ ಸಮಸ್ಯೆಗೆ ಅದು ಪರಿಹಾರವಾಗಿತ್ತು. ಎಂದರೆ ಸಂಕೇತವು ಇಲ್ಲಿ ಮೊದಲು ನೆರವಾದುದು ಯಂತ್ರಗಳಿಗಲ್ಲ, ಗುಮಾಸ್ತರಿಗೆ. ಯಂತ್ರಗಳು ಬಂದುದು ಎರಡು ದಶಕಗಳ ಅನಂತರ, ಮುಂಬಯಿಯಲ್ಲಿ 1993ರಲ್ಲಿ ಮತ್ತು ಚೆನ್ನೈಯಲ್ಲಿ 1996ರಲ್ಲಿ ಸ್ವಯಂಚಾಲಿತ ಅಂಚೆ ಸಂಸ್ಕರಣ ಕೇಂದ್ರಗಳು ಆರಂಭವಾದಾಗ. ಅನಂತರ ದೆಹಲಿ ಮತ್ತು ಕೊಲ್ಕತ್ತಗಳಿಗೂ ಅವು ವಿಸ್ತರಿಸಿದುವು.

ಭಾರತದ ಟಪಾಲು ಈ ಯಂತ್ರಗಳಿಗೆ ಸುಲಭದ ತುತ್ತಾಗಿರಲಿಲ್ಲ. 1950ರ ಅಕ್ಟೋಬರ್ 2ರಂದು ಆರಂಭವಾದ ಅಂತರ್ದೇಶೀಯ ಪತ್ರ ತೆಳುವಾದ ಒಂದೇ ಹಾಳೆಯ ಮಡಿಕೆ. ಬರೆದವರು ಅಂಟಿಸಿದಷ್ಟೇ ಅದರ ಬಂಧ; ಅಂಚುಗಳು ಸಡಿಲವಾಗಿದ್ದರೆ ಪಟ್ಟಿಗಳ ನಡುವೆ ಅವು ಬಿಚ್ಚಿಕೊಳ್ಳಬಹುದು. ಗಟ್ಟಿ ಹಾಳೆಯ ಅಂಚೆ ಕಾರ್ಡು, ಪಿನ್ನು ಹೊಡೆದ ಲಕೋಟೆ, ಅನ್ನದ ಅಗುಳಿನಿಂದ ಅಂಟಿಸಿದ ಕವರು ಇವೆಲ್ಲವೂ ಒಂದೇ ಚೀಲದಲ್ಲಿ ಬರುತ್ತವೆ. ಮಳೆಗಾಲದ ತೇವ ಇವುಗಳ ಮೇಲೆ ಒಂದೇ ರೀತಿಯಲ್ಲಿ ವರ್ತಿಸದು. ಅಗ್ಗವಾದ, ಸರ್ವರಿಗೂ ಎಟುಕುವ ಪತ್ರವನ್ನು ಒದಗಿಸುವುದು ಅಂಚೆಯ ಧ್ಯೇಯವಾಗಿದ್ದ ನಾಡಿನಲ್ಲಿ ಪತ್ರದ ಆಕಾರವನ್ನು ಯಂತ್ರಕ್ಕಾಗಿ ಕಠಿಣವಾಗಿ ನಿರ್ಬಂಧಿಸುವುದು ಸುಲಭಸಾಧ್ಯವಲ್ಲ. ಯಂತ್ರದ ಜೊತೆಜೊತೆಗೆ ಕೈವಿಂಗಡಣೆಯೂ ಮುಂದುವರಿದುದನ್ನು ಹಿಂದುಳಿದಿರುವಿಕೆಯೆಂದು ಮಾತ್ರ ವ್ಯಾಖ್ಯಾನಿಸುವುದು ಆದಕಾರಣ ಸಮಂಜಸವಾಗದು.

ಉಪಸಂಹಾರ

ಅಮೆರಿಕದಲ್ಲಿ ಒಟ್ಟು ಅಂಚೆಯ ಪ್ರಮಾಣ 2006ರಲ್ಲಿ ಸುಮಾರು 21,300 ಕೋಟಿಯ ಗರಿಷ್ಠ ಮಟ್ಟವನ್ನು ಮುಟ್ಟಿ ಅನಂತರ ಇಳಿಯತೊಡಗಿತು. ಡೆನ್ಮಾರ್ಕಿನ ಅಂಚೆ ಸಂಸ್ಥೆಯು 2025ರ ಅಂತ್ಯಕ್ಕೆ ಪತ್ರಗಳ ಬಟವಾಡೆಯನ್ನೇ ನಿಲ್ಲಿಸುವುದಾಗಿ ಅದೇ ವರ್ಷದ ಮಾರ್ಚಿನಲ್ಲಿ ಪ್ರಕಟಿಸಿತು. ಪತ್ರಗಳನ್ನು ವಿಂಗಡಿಸುವ ಯಂತ್ರ ಪರಿಪೂರ್ಣತೆಗೆ ಸಮೀಪಿಸಿದ ಹೊತ್ತಿಗೆ ಪತ್ರವೇ ವಿರಳವಾಗತೊಡಗಿದುದು ಈ ಚರಿತ್ರೆಯ ವಿಪರ್ಯಾಸ.

ಒಟ್ಟಿನಲ್ಲಿ ಈ ಅವಲೋಕನದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅಂಚೆಯ ಯಾಂತ್ರೀಕರಣದ ವೇಗವನ್ನೂ ಮಿತಿಯನ್ನೂ ಓದುವ ಸಾಮರ್ಥ್ಯದಷ್ಟೇ ಪ್ರಬಲವಾಗಿ ನಿರ್ಧರಿಸಿದುದು ಕಾಗದದ ಭೌತಿಕ ಗುಣ. ಎರಡನೆಯದಾಗಿ, ಬೆರಳಿನ ಕೆಲಸ ಯಂತ್ರಕ್ಕೆ ಹೋದಾಗ ಅದರ ಬೆಲೆಯನ್ನು ಯಾರಾದರೂ ತೆರಬೇಕಾಯಿತು. ಕೆಲವೊಮ್ಮೆ ಲಕೋಟೆಯ ಆಕಾರ ಬದಲಾಯಿತು. ಕೆಲವೊಮ್ಮೆ ಸೆಕೆಂಡಿಗೊಂದು ಪತ್ರದ ಮುಂದೆ ಕುಳಿತ ಕೆಲಸಗಾರರು ಬಳಲಿದರು. ಬ್ರೆಂಟ್‌ವುಡ್‌ನಲ್ಲಿ ಅದು ಜೀವಗಳನ್ನೇ ಬಲಿ ತೆಗೆದುಕೊಂಡಿತು. ಗೂಡುಗಳ ಮುಂದೆ ನಿಂತ ಗುಮಾಸ್ತನ ಹೆಬ್ಬೆರಳು ಪ್ರತಿದಿನ ಸಾವಿರಾರು ಬಾರಿ ಮಾಡುತ್ತಿದ್ದ ಕೆಲಸಕ್ಕೆ ಸಮನಾದುದನ್ನು ಉಕ್ಕು, ರಬ್ಬರು ಮತ್ತು ಗಾಳಿಯಿಂದ ಕಟ್ಟಲು ಒಂದು ಶತಮಾನವೇ ಹಿಡಿಯಿತು. ಅಂಚೆಯ ಚರಿತ್ರೆಯನ್ನು ಬರೆಯುವಾಗ ಆ ಅನಾಮಿಕ ಕೌಶಲಕ್ಕೆ ಸಲ್ಲಬೇಕಾದ ಸ್ಥಾನವನ್ನು ಸಲ್ಲಿಸುವುದು ಅಗತ್ಯ.